ಮಾಳಿಗಿ ಮ್ಯಾಲಿನ ಹಾಜರಿ

…ಅದಕ್ಕ ಹೇಳ್ತೀನಿ, ಸರ್ಕಾರ ಮಾಡಿದ ತಪ್ಪಿಗೆ ನನ್ನ ಮುಖಾ ನೋಡ್ಕೋತ ಕೂತ್ರ ಏನು ಬಂತು, ಯಮನಮ್ಮ? ಹುಕುಮು ಬರೆದವರು ಹೈದರಾಬಾದಿನ್ಯಾಗ ಕೂತಾರ. ನಾ ರೇಷನ್ ಪಟ್ಟಿ ಬರೆಯೋಕಿ. ಬರೀ ಪಟ್ಟಿ… ಶ್! ಜ್ವಾಳ ಕೇರೋ ಮರ ಮೆಲ್ಲಗ ಆಡಿಸು. ಮಾಳಿಗಿ ಮ್ಯಾಲಿನ ಖೋಲಿಯೊಳಗ ನಮ್ಮ ಪ್ರಹ್ಲಾದ ಓದ್ಲಿಕತ್ತಾನ. ಪರೀಕ್ಷಾ ಹತ್ರ ಬಂತು.

ಹಂಗ್ಯಾಕ ಮ್ಯಾಲೆ ನೋಡ್ತಿ? ನೀ ಮಾತಾಡಿಲ್ಲ, ಖರೆ. ಬಂದಾಗಿಂದ ಒಂದು ಅಕ್ಷರ ಆಡಿಲ್ಲ. ಆದ್ರ ಆ ಮರದಾಗ ಜ್ವಾಳ ಹಾರಿ ಬೀಳೋ ಸಪ್ಪಳ ಅದ ನೋಡು, ಅದು ಮ್ಯಾಲಿನ ತನಕ ಕೇಳಸ್ತದ. ಅವಗ ಸಪ್ಪಳಾದ್ರ ಆಗೋದಿಲ್ಲ. ಸಣ್ಣಾಂವ ಇದ್ದಾಗಿಂದ ಹಂಗ.

ಗುರುವಾರ ಬರೋ ನಿನ್ನ ಮಂಗಳವಾರ ಕರೆಸಿದ್ದು ಯಾಕಂದ್ರ… ಜ್ವಾಳದಾಗ ಹಳ್ಳು ಕಲ್ಲು ಭಾಳ ಅವ. ಅಷ್ಟೇ. ಬ್ಯಾರೆ ಏನಿಲ್ಲ. ನೀನ ನೋಡು, ಒಂದು ಸೇರಿಗೆ ಒಂದು ಹಿಡಿ ಹಳ್ಳು! ಇದು ರೇಷನ್ ಜ್ವಾಳ ಅಂತ! ಹಕ್ಕಿಗೆ ಚೆಲ್ಲಿದ್ರ ಹಕ್ಕಿ ಮೂಸಿ ನೋಡಂಗಿಲ್ಲ. ಇದನ್ನ ತಲಿಗೆ ವಾರಕ್ಕ ಎರಡು ಸೇರು ಅಂತ ಅಳೆದು ಕೊಡ್ಲಿಕ್ಕ ಅವರಿಗೆ ಹನ್ನೆರಡು ಖಾನೆಯ ಫಾರಂ ಬೇಕು. ಕಾಗದಕ್ಕ ಬರ ಇಲ್ಲ ನೋಡು ಈ ಸರ್ಕಾರಕ್ಕ. ಜ್ವಾಳಕ್ಕ ಬರ, ಉಪ್ಪಿಗೆ ಬರ, ಸೀಮಿ ಎಣ್ಣಿಗೆ ಬರ, ಬುದ್ಧಿಗಂತೂ ಕೇಳಲೇಬ್ಯಾಡ. ಕಾಗದ ಮಾತ್ರ ಹೊರೆಗಟ್ಟಲೆ!

ನಕ್ಕಿ? ಇಲ್ಲ? ನಕ್ಕಂಗಾತು.

ಅವತ್ತ ರೇಷನ್ ಡಿಪೋ ನಡಸೋ ಸತ್ತಾರ್ ಸಾಬ್ ಏನಂದ ಗೊತ್ತೇನು? "ಬಾಯೀ, ತಕ್ಕಡಿ ಅದ, ತೂಕದ ಕಲ್ಲು ಅವ, ಗಿರಾಕಿ ಅದಾರ. ಒಂದು ಸಾಮಾನು ಮಾತ್ರ ಇಲ್ಲ, ಉಳಿದದ್ದೆಲ್ಲಾ ಬರಾಬ್ಬರಿ ಅದ." ಪಾಪ, ಅಂವ ಏನು ಮಾಡ್ಯಾನು! ಅವನ ಮನ್ಯಾಗೂ ಅದೇ ಹಳ್ಳಿನ ಜ್ವಾಳ. ಅವನ ಹೆಂಡ್ತಿ ಗುಲ್ಶನ್ ಬೇಗಂ ನಿನ್ನಂಗ ಮರ ಹಿಡ್ಕೊಂಡು ಕೂತಿರ್ತಾಳ. ಈ ವಿಷಯದಾಗ ಸರ್ಕಾರ ಯಾರಿಗೂ ಭೇದ ಮಾಡಿಲ್ಲ, ಅದನ್ನ ಒಪ್ಪಬೇಕು. ಎಲ್ಲರ ಹಲ್ಲೂ ಒಂದೇ ಸಮ ಮುರೀತಾವ.

ಗಂಟೆ ಎಷ್ಟಾತು? ಮೂರೂಕಾಲು… ನಾಕಕ್ಕ ಗಡಿಗೆಪ್ಪ ಬರ್ತಾನ. ಡಿಪೋದ ಜವಾನ, ಗೊತ್ತಲ್ಲ, ಬಾಗಲಾಗ ನಿಂತು ಕೆಮ್ಮೋದ ಅವನ ಕೆಲಸ. ಅಂವ ಬಂದು ಈ ಪಟ್ಟಿ ಒಯ್ದ ಅಂದ್ರ ಮುಗೀತು. ಆಮ್ಯಾಲೆ ನಾನೂ ತಿದ್ದಲಿಕ್ಕಾಗಂಗಿಲ್ಲ.

ಹೇಳ್ತೀನಿ ಕೇಳು. ಹೋದ ತಿಂಗಳಿಂದ ಹೊಸಾ ಹುಕುಮು. ಹದಿನೈದು ವರ್ಷ ದಾಟಿದ ಗಂಡಸು ಒಬ್ಬೊಬ್ಬಾಂವ ಮನ್ಯಾಗ ಅದಾನೋ ಇಲ್ಲೋ ಬರೀಬೇಕು. ಇದ್ರ ಹಾಜರ್. ಇಲ್ಲದಿದ್ರ ಗೈರ್ ಹಾಜರ್. ಒಂದು ಸಲ ಗೈರ್ ಹಾಜರ್ ಬಿದ್ರ ಅವನ ಪಾಲಿನ ಜ್ವಾಳ ಕಟ್, ಪೊಲೀಸರು ಬಂದು ಮನಿ ನೋಡ್ತಾರ. ಎರಡನೇ ಸಲ ಬಿದ್ರ… ಹೊಳಿ ದಾಟಿ ಆಚಿ ದಂಡಿಯೊಳಗ ಈ ಸರ್ಕಾರದ ವಿರುದ್ಧ ಹೋರಾಡೋರ ಶಿಬಿರ ಸೇರ್ಯಾನ ಅಂತ ಲೆಕ್ಕ. ಕಾರ್ಡು ರದ್ದು. ಮನಿಗೆ ಬೀಗ. ಹೊಳಿ ಆಚಿ ಮಂದಿಗೆ ಸ್ವರಾಜ್ಯ ಬಂದು ವರ್ಷಾತು, ಈಚಿ ನಮ್ಮ ಸರ್ಕಾರ ತಲಿ ಎಣಸ್ಲಿಕತ್ತದ, ಎಷ್ಟು ಮಂದಿ ಓಡಿ ಹೋದ್ರು ಅಂತ! ಯಾಕ ಓಡಿ ಹೋದ್ರು ಅಂತ ಕೇಳೋ ಖಾನೆ ಹನ್ನೆರಡರಾಗ ಒಂದೂ ಇಲ್ಲ. ನಾ ಹುಡುಕಿ ನೋಡೀನಿ.

ನಿನ್ನ ಮಗಾ ರಾಮಲಿಂಗಪ್ಪಂದು ಇದು ಎರಡನೇ ಸಲ. ಅದು ನನಗೂ ಗೊತ್ತದ, ನಿನಗೂ ಗೊತ್ತದ.

ಯಾಕ ಮರ ನಿಲ್ಲಿಸಿದಿ? ಕೇರು, ಕೇರು.

ನನಗೇನು ಈ ಸರ್ಕಾರದ ಮ್ಯಾಲೆ ಪ್ರೀತಿ ಅದ ಅಂತ ತಿಳಿದೀಯೇನು? ದೇವದುರ್ಗದ ಕಡೆ ನಮ್ಮ ಹೊಲ ಅದಲ್ಲ, ಅಲ್ಲಿ ಬೆಳೆದ ಜ್ವಾಳ ಸರ್ಕಾರದ ಲೆವಿ ವಸೂಲಿ ಅಂತ ಒಯ್ದ್ರು. ಒಯ್ಯಲಿ. ಬಿತ್ತಲಿಕ್ಕ ಇಟ್ಟದ್ದನ್ನೂ ಒಯ್ದ್ರು! ಬೀಜ ಒಯ್ದ ಮ್ಯಾಲೆ ಬರೋ ವರ್ಷ ಲೆವಿ ಎಲ್ಲಿಂದ ಎತ್ತೀರಪಾ ಅಂತ ನಮ್ಮವರು ಕೇಳಿದ್ರ, "ಅದು ಬರೋ ವರ್ಷದ ಮಾತು, ವಕೀಲ ಸಾಬ್" ಅಂದನಂತ ಆ ಗುಮಾಸ್ತ. ಹಿಂಗ ಕೂತಾರ ರಾಜ್ಯಾ ನಡಸ್ಲಿಕ್ಕ! ನಾಳಿನ ಚಿಂತಿ ಇಲ್ಲ. ಒಂದು ಹುಕುಮು ಸೋಮವಾರ, ಅದನ್ನ ರದ್ದು ಮಾಡೋ ಹುಕುಮು ಗುರುವಾರ. ಎರಡೂ ನಮ್ಮ ಕೈಗೆ ಬರೋದು ಶನಿವಾರ, ಒಂದೇ ಟಪಾಲದಾಗ. ಮಾನ್ವಿಯೊಳಗ ಜ್ವಾಳಕ್ಕ ಒಂದು ಭಾವ, ರಾಯಚೂರಿನೊಳಗ ಒಂದು ಭಾವ. ನಮ್ಮ ಸರ್ಕಾರದ ಹಾಲಿ ರೂಪಾಯಿ ಕೊಟ್ರ ಅಂಗಡಿಯಾಂವ ಮುಖಾ ಕಿವುಚ್ತಾನ, ಹೊಳಿ ಆಚಿಯ ಕಲ್ದಾರ್ ರೂಪಾಯಿ ಅದ ಏನು ಅಂತ ಕೇಳ್ತಾನ. ಸ್ವಂತ ನಾಣ್ಯಕ್ಕ ಸ್ವಂತ ಪ್ಯಾಟಿಯೊಳಗ ಮರ್ಯಾದಿ ಇಲ್ಲದ ಸರ್ಕಾರ ಅದೆಂಥ ಸರ್ಕಾರ! ಮತ್ತ ರೇಡಿಯೋದಾಗ ಏನು ಹೇಳ್ತಾರ? "ಪ್ರಜೆಗಳು ಗಾಬರಿ ಆಗಬಾರದು, ಎಲ್ಲಾ ಸಾಕಷ್ಟು ಅದ." ಅದ್ಯಾರ ಮನ್ಯಾಗ ಅದಪಾ? ವಿಳಾಸ ಕೊಟ್ರ ಚೀಲ ತಗೊಂಡು ಹೋಗಿಬರ್ತೀವಿ.

ನಮ್ಮವರು ವಾರವೆಲ್ಲಾ ಮಾನ್ವಿ ಕೋರ್ಟಿನ್ಯಾಗ ಇರ್ತಾರ. ಬಂದಾಗೆಲ್ಲಾ ಹೇಳ್ತಾರ, "ಅಹಲ್ಯಾ, ಇವರ ಪಟ್ಟಿ ನಿನಗ್ಯಾಕ, ಬಿಟ್ಟುಬಿಡು" ಅಂತ. ಬಿಡಲಿಕ್ಕಾಗಂಗಿಲ್ಲ. ನಮ್ಮ ಓಣಿ, ನಿಮ್ಮ ಕೇರಿ, ಎರಡೂ ಸೇರಿ ನಲವತ್ತೊಂದು ಮನಿ. ಯಾರು ಬರೀಬೇಕು ಅಂತ ಬಂದಾಗ ಎಲ್ಲಾರೂ ಕೂಡಿ ನನ್ನ ಹೆಸರು ಹೇಳಿದ್ರು. ಸತ್ತಾರ್ ಸಾಬ್ ಸೈತ. ಯಾಕ? ನನ್ನ ಮಾತು ಅಂದ್ರ ಮಾತು. ಸಿಕಂದರಾಬಾದಿನ ಕಾನ್ವೆಂಟಿನ್ಯಾಗ ಎಂಟು ವರ್ಷ ಕಲಿತಾಕಿ ನಾನು. ನಮ್ಮಪ್ಪ ರೈಲ್ವೆಯೊಳಗ ಇದ್ರು, ಮಡಿ ಮಂದಿ ಏನಂದ್ರೂ ಕೇಳದ ಹಾಕಿದ್ರು. ಅಲ್ಲಿ ಲೆಕ್ಕಾ ಕಲಿಸೋ ಸಿಸ್ಟರು ಇದ್ರು. ಗೋಧಿ ಬಣ್ಣದ ಹುಬ್ಬು, ನಗು ಅಂದ್ರೇನಂತ ಗೊತ್ತಿಲ್ಲದ ತುಟಿ. ಒಂದು ಅಂಕಿ ತಪ್ಪಿದ್ರ ಹೊಡೀತಿರಲಿಲ್ಲ. ನಮ್ಮ ಕಡಿಗೆ ನೋಡ್ಕೋತ ಸುಮ್ನ ನಿಂದ್ರತಿದ್ರು. ನಾವೇ ತಪ್ಪು ಹುಡುಕಿ, ಎದ್ದು ನಿಂತು, ಬಾಯಿ ಬಿಟ್ಟು ಹೇಳೋ ತನಕ. ಅರ್ಧ ತಾಸು ಆದ್ರೂ ಸೈ… ಆ ನಿಲುವು… ಹೊಡೆದಿದ್ರ ಚೊಲೋ ಇತ್ತು ಅನಿಸ್ತಿತ್ತು.

ನೀನೂ ಹಂಗ ನೋಡಬ್ಯಾಡ.

ಹಾಜರ್ ಅಂತ ನನ್ನ ಸಹಿ ಇದ್ದ ಮನಿಯೊಳಗ ಪೊಲೀಸರು ಇವತ್ತಿನ ತನಕ ಏಣಿ ಹತ್ತಿ ನೋಡಿಲ್ಲ, ತಿಳೀತೇನು? "ಬಾಯಿಯವರು ಬರದಾರ" ಅಂದ್ರ ಮುಗೀತು. ಅದಕ್ಕ… ಅದಕ್ಕ ನಾ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬರೀಲಿಕ್ಕಾಗಂಗಿಲ್ಲ.

ಹೋದ ತಿಂಗಳು ಮೊದಲನೇ ಪಟ್ಟಿ ಬರೆಯೋವಾಗ ಡಿಪೋದ ಮುಂದ ಮೂವತ್ತು ಮಂದಿ ಇದ್ರು. ನಿಮ್ಮ ಮನಿ ಸರತಿ ಬಂತು. ನಾ ಕೇಳಿದೆ, ಎಲ್ಲಾರಿಗೂ ಕೇಳಿದಂಗ: "ರಾಮಲಿಂಗಪ್ಪ, ವಯಸ್ಸು ಇಪ್ಪತ್ತು. ಎಲ್ಲಿ?" ಕೇಳಬೇಕಾಗಿತ್ತು, ಕೇಳಿದೆ. ನೀ ಸುಳ್ಳು ಹೇಳಬಹುದಿತ್ತು! ಕವಿತಾಳಕ್ಕ ಕಟ್ಟಿಗಿ ಒಡೀಲಿಕ್ಕ ಹೋಗ್ಯಾನ ಅನ್ನಬೇಕಿತ್ತು, ಯಾಪಲದಿನ್ನಿಯೊಳಗ ಬೀಗರ ಮನಿಗೆ ಹೋಗ್ಯಾನ ಅನ್ನಬೇಕಿತ್ತು. ಮಂದಿ ಎಲ್ಲಾ ಹಂಗ ಹೇಳ್ತಾರ. ನೀ ಹೇಳಲಿಲ್ಲ. "ಇಲ್ಲರೀ ಬಾಯೋರ" ಅಂದಿ. ಯಾವಾಗಿಂದ ಇಲ್ಲ ಅಂದೆ. "ನಿಮ್ಮ ಉಪಾಸದ ದಿನದಿಂದರೀ" ಅಂದಿ.

ನಿಮ್ಮ ಉಪಾಸದ ದಿನ… ಆಷಾಢದ ಏಕಾದಶಿ.

ಆಮ್ಯಾಲೆ ಮತ್ತೇನೋ ಹೇಳ್ಲಿಕ್ಕ ಬಾಯಿ ತೆಗೆದಿ. ಇಲ್ಲ? ತೆಗೀಲಿಲ್ಲ? ನನಗ ಹಂಗನಿಸ್ತು. ನಾ ಭಡಕ್ಕನ ಗೈರ್ ಹಾಜರ್ ಅಂತ ಬರೆದೆ. ಮುಂದಿನವರು ಬರ್ರಿ ಅಂದೆ. ಅಷ್ಟು ಲಗೂನ ನಾ ಯಾರ ಹೆಸರೂ ಬರ್ದಿಲ್ಲ. ಮಸಿ ಸೈತ ಒರೆಸಲಿಲ್ಲ, ಇಲ್ಲೆ ನೋಡು, ಎದುರಿನ ಪುಟಕ್ಕ ಕಲೆ ಹತ್ತೇದ… ನನ್ನ ಪುಟದಾಗ ಕಲೆ!

ಮರುದಿವಸ ನಿಮ್ಮ ಗುಡಿಸಲಿಗೆ ಪೊಲೀಸರು ಬಂದ್ರು ಅಂತ ಕೇಳಿದೆ. ಗಡಗಿ ಒಡೆದ್ರಂತ. ನಿನ್ನ ಮಗಳು ಗೋಪಮ್ಮ ಬಾಣಂತಿ, ಹೊರಸಿನಿಂದ ಎಬ್ಬಿಸಿ ಹೊರಸು ತಿರುವಿ ನೋಡಿದ್ರಂತ. ಹೊರಸಿನ ಕೆಳಗ ಇಪ್ಪತ್ತು ವರ್ಷದ ಆಳು ಅಡಗ್ತಾನೇನು! ಮೂರ್ಖರು… ಹಾಲು ಬರ್ತದೇನು ಆಕಿಗೆ? ಎರಡು ತಲಿ ಜ್ವಾಳದಾಗ… ಹ್ಞೂಂ. ಕೇಳಬಾರದಿತ್ತು.

ಆ ಡಬ್ಬಿ ಕಡಿಗೆ ಯಾಕ ನೋಡ್ತಿ?

ಅದು ಖಾಲಿ ಸೀಮಿ ಎಣ್ಣಿ ಡಬ್ಬಿ. ಎಣ್ಣಿ ಅಂತೂ ಕಾಣಲಿಲ್ಲ, ಡಬ್ಬಿಯಾದ್ರೂ ಉಪಯೋಗ ಆಗ್ಲಿ ಅಂತ… ಖಾಲಿ ಇಲ್ಲ, ಆತು. ಜ್ವಾಳ ಅದ. ನಿನಗ ಗೊತ್ತಿಲ್ಲದ್ದೇನು, ನೀನ ಹಸನು ಮಾಡಿ ಕೊಟ್ಟದ್ದು. ವಾರಾ ವಾರಾ ನೀ ಎಂಟು ಸೇರು ಹಸನು ಮಾಡ್ತಿ. ನಾ ಆರು ಸೇರು ಒಳಗ ಒಯ್ತೀನಿ, ಎರಡು ಸೇರು ಆ ಡಬ್ಬಿಗೆ ಹಾಕ್ತೀನಿ. ಆರು ವಾರ… ಹೌದು. ಡಬ್ಬಿ ಕಂಠದ ತನಕ ಬಂತು.

ಪ್ರಹ್ಲಾದ ರೊಟ್ಟಿ ತಿನ್ನೋದಿಲ್ಲ. ಅದಕ್ಕ. ಅವಗ ಜ್ವರ. ಗಂಜಿ ಕುಡೀತಾನ.

ಓದ್ಲಿಕತ್ತಾನ ಅಂದೆ, ಹೌದು. ಜ್ವರದಾಗೂ ಓದ್ತಾನ! ಮಲಕೊಂಡು ಓದ್ತಾನ. ಯಾಕ, ಓದಬಾರದೇನು? ನನ್ನ ಮಗಾ ಓದಿದ್ರ ನಿನಗೇನು? ನೀ ಬಂದಾಗೆಲ್ಲಾ ನಾ ಊಟದ ಗಂಗಾಳ ತಗೊಂಡು ಏಣಿ ಹತ್ತೋದು ನೋಡೀಯಲ್ಲ? ಅತ್ತಿಯವರಿಗೆ ಕಣ್ಣು ಕಾಣಂಗಿಲ್ಲ, ಕೆಳಗ ಕೂತು ಕೇಳ್ತಾರ, "ಪ್ರಹ್ಲಾದ ಉಂಡನೇನು?" ಅಂತ. ಉಂಡ ಅಂತೀನಿ. ಗಂಗಾಳ…

ಗಂಗಾಳ ನೀನ ತಿಕ್ಕತಿ.

ತಿಕ್ಕಲಿಕ್ಕ ಏನಿರ್ತದ ಅದರಾಗ? ಏನೂ ಇರಂಗಿಲ್ಲ. ಆರು ವಾರದಿಂದ ಒಂದು ಅಗಳು ಹತ್ತಿಲ್ಲದ ಗಂಗಾಳ ಬೂದಿ ಹಾಕಿ ತಿಕ್ಕಿ ಬೋರಲು ಹಾಕಿ ಹೋಗ್ತಿ. ಒಂದು ದಿವಸ ಕೇಳಲಿಲ್ಲ. ಇದ್ಯಾಕ ಬಾಯೋರ ಅನ್ನಲಿಲ್ಲ.

ಮರ ನಿಲ್ಲಿಸಬ್ಯಾಡ ಅಂದೆ ನಾನು! ಆ ಸಪ್ಪಳ ಇರಲಿ. ಸಪ್ಪಳ ಇಲ್ಲದಿದ್ರ… ಮ್ಯಾಲಿನಿಂದಾನೂ ಸಪ್ಪಳ ಇಲ್ಲ, ಕೆಳಗೂ ಸಪ್ಪಳ ಇಲ್ಲ, ಈ ಮನಿ ಹ್ಯಾಂಗಾಗ್ತದ ನೋಡು.

ಯಮನಮ್ಮ.

ನಿಮ್ಮಣ್ಣ ಉರುಕುಂದಪ್ಪ ಇನ್ನೂ ಹೊಳಿ ದಂಡಿಗೇ ಇರ್ತಾನಲ್ಲ? ಮಾನ್ವಿ ಆಚಿ? ಹರಗೋಲು ಹಾಕ್ತಾನಲ್ಲ? … ಸುಮ್ನ ಕೇಳಿದೆ.

ಏಕಾದಶಿ ದಿವಸ ನಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲ. ಎಲಿ ಹಾಕಂಗಿಲ್ಲ. ಯಾರು ಉಂಡ್ರು, ಯಾರು ಉಣ್ಣಲಿಲ್ಲ ಅಂತ ನೋಡೋದೇ ಇಲ್ಲ. ಎಲ್ಲಾರೂ ತಮ್ಮ ತಮ್ಮ ಮೂಲ್ಯಾಗ ಹರಿಸ್ಮರಣಿ ಮಾಡ್ಕೋತ ಇರ್ತಾರ. ಹುಷಾರು ಹುಡುಗ ಅಂವ, ಅದನ್ನ ಲೆಕ್ಕಾ ಹಾಕ್ಯಾನ. ಬ್ಯಾರೆ ದಿವಸ ಹೋಗಿದ್ರ ಹನ್ನೆರಡು ಗಂಟೆಗೇ ಸಿಕ್ಕ ಬೀಳ್ತಿದ್ದ. ಮರುದಿವಸ ಮುಂಜಾನಿ ಪಾರಣಿಗೆ ನಾಕು ಎಲಿ ಹಾಕಿದೆ. ಅತ್ತಿಯವರು ಕೂತ್ರು, ನಮ್ಮವರು ಕೂತ್ರು. ಪ್ರಹ್ಲಾದಾ ಅಂತ ಕೂಗಿದೆ. ಮತ್ತ ಕೂಗಿದೆ. ಏಣಿ ಹತ್ತಿದೆ…

ಹಾಸಗಿ ಮಡಚಿ ಇಟ್ಟಿದ್ದ. ಅಂಚಿಗೆ ಅಂಚು ಕೂಡಿಸಿ. ನಾ ಕಲಿಸಿದಂಗ.

ಅವನ ಪಾಲಿನ ಒಂದು ಕಾಳು ನಾ ಬೇಯಿಸಿಲ್ಲ, ಯಮನಮ್ಮ. ಇಲ್ಲದವನ ಹೆಸರಿಲೆ ತಂದದ್ದು, ಅದನ್ನ ಹ್ಯಾಂಗ ಉಣ್ಣೋದು? ಹೆಸರು ತೆಗೆಸಿದ್ರ ಪೊಲೀಸರು. ತೆಗೆಸದಿದ್ರ ಜ್ವಾಳ ಬರ್ತದ. ಹಾಜರ್ ಅಂತ ಬರೆದೆ. ತಂದೆ. ಡಬ್ಬಿಗೆ ಹಾಕಿದೆ. ತಿನ್ನಲಿಲ್ಲಲ್ಲ, ಹಂಗಾದ್ರ ನಾ ಸುಳ್ಳು ಹೇಳಿಲ್ಲ ಅಂತ ನನಗ ನಾನೇ… ಸಿಸ್ಟರು ಇದ್ದಿದ್ರ ಒಂದು ದಿವಸ ಪೂರ್ತಿ ನನ್ನ ಮುಂದ ನಿಂದ್ರತಿದ್ರು.

ನಿನಗ ಗೊತ್ತಿತ್ತು.

ಡಬ್ಬಿ ನೋಡಿದ ಮ್ಯಾಲೆ ಅಲ್ಲ. ಗಂಗಾಳ ನೋಡಿದ ಮ್ಯಾಲೂ ಅಲ್ಲ. ಮೊದಲೇ. ಅವತ್ತಿನಿಂದಾನ. ನಮ್ಮ ಪ್ರಹ್ಲಾದಗ ಹೊಳಿ ದಾರಿ ಏನು ಗೊತ್ತಿತ್ತು? ಇವನಿಗೆ ರಾಯಚೂರು ಸ್ಟೇಷನ್ ದಾರಿ ಸೈತ ಟಾಂಗಾದಾಗ ಹೋದ್ರ ಗೊತ್ತು. ನಿಮ್ಮ ರಾಮಲಿಂಗಪ್ಪ ಕರ್ಕೊಂಡು ಹೋದ. ಸ್ವಾದರಮಾವನ ಹರಗೋಲಿನ ತನಕ ಕರ್ಕೊಂಡು ಹೋದ. ಹೌದಲ್ಲ? "ನಿಮ್ಮ ಉಪಾಸದ ದಿನ" ಅಂದಿ. ನಿಮ್ಮ ಅಂದಿ… ನನಗ ಅಷ್ಟೇ ತಿಳೀಲಿ ಅಂತ ಅಂದಿ. ಮೂವತ್ತು ಮಂದಿಯೊಳಗ ನಾ ಒಬ್ಬಾಕಿಗೆ ತಿಳಿಯೋ ಹಂಗ. ನೀ ಮುಂದ ಬಾಯಿ ತೆಗೆದ್ರ ನನ್ನ ಮಗನ ಹೆಸರು ಬರ್ತದ ಅಂತ ಹೆದರಿ, ನಿನ್ನ ಮಗನ ಹೆಸರಿನ ಮುಂದ ಗೈರ್ ಹಾಜರ್ ಬರೆದು ನಿನ್ನ ಮುಂದಕ್ಕ ದಬ್ಬಿದೆ. ಲೆಕ್ಕಾ ಸರಿ ಇರಬೇಕು ಅಂತ ಅಲ್ಲ. ಅಂಜಿಕಿಗೆ.

ಆಗಾದ್ರೂ ಹೇಳಬೇಕಿತ್ತಲ್ಲ ನೀನು? "ಬಾಯೋರ, ನಿಮ್ಮ ಮಗಾ ಎಲ್ಲಿ ಅದಾನೋ ನನ್ನ ಮಗಾ ಅಲ್ಲೇ ಅದಾನ" ಅಂದಿದ್ರ! ಒಂದೇ ಮಾತು! ಗಡಗಿ ಒಡೆಯೋವಾಗ, ಬಾಣಂತೀನ ಎಬ್ಬಿಸೋವಾಗ, ಪೊಲೀಸರ ಮುಂದಾದ್ರೂ ಹೇಳಬಹುದಿತ್ತು, "ಅಕಾ ಅಲ್ಲಿ, ವಕೀಲರ ಮಾಳಿಗಿ ಹತ್ತಿ ನೋಡ್ರಿ" ಅಂತ. ಯಾಕ ಹೇಳಲಿಲ್ಲ? ಈಗಾದ್ರೂ ಹೇಳು. ಬೈಯಿ ನನ್ನ. ನಿನ್ನ ಕೈಯಾಗ ಮರ ಅದ, ಎತ್ತಿ ಒಗಿ…

ಹಂಗ ಸುಮ್ನ ಕೂಡಬ್ಯಾಡ, ತಾಯಿ.

…

ಗಡಿಗೆಪ್ಪನ ಕೆಮ್ಮು ಅದು? ನಾಕಾಗಿಲ್ಲ ಇನ್ನೂ. ಹತ್ತು ನಿಮಿಷ ಅದ… ಏ ಗಡಿಗೆಪ್ಪಾ, ಹೊರಗ ಕಟ್ಟಿ ಮ್ಯಾಲೆ ಕೂಡು! ಕರೀತೀನಿ!

ಆ ಬರಿಯೋ ಟಾಕು ಇಲ್ಲೆ ಕೊಡು. ಮಸಿ ದೌತಿನೂ. ಮುಟ್ಟು, ಏನಾಗಂಗಿಲ್ಲ, ಕೊಡು.

ರಾಮಲಿಂಗಪ್ಪ. ವಯಸ್ಸು ಇಪ್ಪತ್ತು. ಹಾಜರ್… ಮುಂದಿನ ಖಾನೆ, ಸದ್ಯ ಎಲ್ಲಿ ಇರ್ತಾನ… ಬರೀತೀನಿ. "ಕಟ್ಟಿಗಿ ಒಡೆಯುವ ಕೆಲಸಕ್ಕೆ ನಮ್ಮಲ್ಲಿ. ವಸ್ತಿ: ನಮ್ಮ ಮಾಳಿಗಿ ಮೇಲಿನ ಖೋಲಿ." ಸಹಿ, ಅಹಲ್ಯಾಬಾಯಿ.

ಏಣಿ ಹತ್ತಿ ನೋಡಿದ್ರ? ನೋಡಲಿ. ಇಬ್ಬರೂ ಇಲ್ಲ ಅಂತ ತಿಳೀತದ. ಬೀಗ ಹಾಕಿದ್ರ ನಿಮ್ಮ ಗುಡಿಸಲಿಗೆ ಒಂದಕ್ಕ ಹಾಕಂಗಿಲ್ಲ ಇನ್ನ. ಈ ಬಾಗಿಲಕ್ಕೂ ಹಾಕಬೇಕು.

ಆ ಡಬ್ಬಿ ಒಯ್ಯಿ. ದಾನ ಅಲ್ಲ, ಹಂಗ ನೋಡಬ್ಯಾಡ. ಹೊಳಿ ಆಚಿ ಅವರಿಬ್ಬರೂ ಒಂದೇ ಪಂಕ್ತಿಗೆ ಕೂತು ಏನು ಉಣ್ಣಲಿಕತ್ತಾರೋ. ಈಚಿ ಅವರ ಪಾಲು ಗೋಪಮ್ಮ ಉಣ್ಣಲಿ. ಆಕಿಗೆ ಹಾಲು ಬರಲಿ.

ಇನ್ನೊಂದು… ಇದನ್ನ ಕೇಳ್ಲಿಕ್ಕೇ ನಿನ್ನ ಕರೆಸಿದ್ದು, ಯಮನಮ್ಮ. ಹಳ್ಳು ಅಲ್ಲ, ಜ್ವಾಳ ಅಲ್ಲ. ಆರು ವಾರದಿಂದ ಕೇಳಬೇಕಂತ ಇದ್ದದ್ದು. ಆಷಾಢದಾಗ ಹೊಳಿಗೆ ಹೊಸಾ ನೀರು ಬಂದಿತ್ತು. ಎರಡೂ ದಂಡಿ ತುಂಬಿ ಹರೀತಿತ್ತಂತ. ನಿನ್ನ ಮಗಾ ಈಜ್ತಾನ. ನಮ್ಮಾಂವಗ ಈಜು ಬರಂಗಿಲ್ಲ. ಬಾವಿಗೆ ಇಳಿಯಗೊಡಲಿಲ್ಲ ನಾನು, ನೆಗಡಿ ಆಗ್ತದಂತ.

ದಾಟಿದನೇನು?

ಬಾಯಿ ಬಿಟ್ಟು ಹೇಳಬ್ಯಾಡ. ಇಷ್ಟು ದಿವಸ ಹೇಳದಾಕಿ ಈಗ ಯಾಕ ಹೇಳ್ತಿ! ತಲಿ ಅಲ್ಲಾಡಿಸು. ಹೌದು ಅಂದ್ರ ಒಂದು ಸಲ… ಒಂದೇ ಸಲ…

…

ಹಾಂ.

ಹಾಂ. ಸಾಕು. ಸಾಕು ನನಗ.

ಕೇರು ನೀನು, ಮರ ಎತ್ತು, ಸಪ್ಪಳಾಗ್ಲಿ… ಗಡಿಗೆಪ್ಪಾ! ಬಾ ಒಳಗ, ಪಟ್ಟಿ ಒಯ್ಯಿ. ಮಸಿ ಇನ್ನೂ ಆರಿಲ್ಲ, ಬೆರಳು ಹಚ್ಚೀಯ ಜ್ವಾಕಿ… ಏ, ಕಾಲಾಗಿನ ಕಾಲ್ಮರಿ ಎಳೀಬ್ಯಾಡ, ಮೆಲ್ಲಗ ಬಾ! ಮ್ಯಾಲೆ ಹುಡುಗರು ಅದಾರ. ಇಬ್ಬರೂ ಅದಾರ.